‘ಹಿಂದೆ ಎರಡು ಸಾಕು’ ಅನ್ನುವವರಿಗೆ

ಮೊನ್ನೆ ಇಲ್ಲಿನ ಕನ್ನಡಿಗರೆಲ್ಲ ಸೇರಿ ಮಾಡಿದ ದೀಪಾವಳಿ ಊಟದಲ್ಲಿ ಮತ್ತೆ ಅದೇ ಮಾತು ಬಂತು. ಈ ವರ್ಷ ಓದಲು ಬಂದ ಹುಡುಗನೊಬ್ಬ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದಾನೆ, ಹಿಂದಿನ ಚಕ್ರಗಳಿಂದ ಓಡುವಂಥದ್ದು. ‘ಚಳಿಗಾಲಕ್ಕೆ ಬೇರೆ ಟೈರು ಹಾಕಬೇಕಂತಲ್ಲ, ನಾಲ್ಕಕ್ಕೂ ಬೇಕಾ?’ ಎಂದು ಕೇಳಿದ. ಸುತ್ತ ಕೂತಿದ್ದ ಅನುಭವಸ್ಥರಿಂದ ಮೂರು ಉತ್ತರ ಬಂದವು. ಒಬ್ಬರು, ‘ಎಂಜಿನ್ನು ತಿರುಗಿಸೋದು ಹಿಂದಿನ ಚಕ್ರಾನ, ಹಿಂದೆ ಎರಡು ಹಾಕು ಸಾಕು’ ಅಂದರು. ಇನ್ನೊಬ್ಬರು, ‘ಅಂಥ ಗಾಡಿ ಹಿಮದಲ್ಲಿ ಓಡಲ್ಲ, ಮಾರ್ಚ್‌ವರೆಗೆ ಮುಚ್ಚಿಡು’ ಅಂದರು. ಮೂರನೆಯವರು ನಕ್ಕು, ‘ನಾವು ಆಗುಂಬೆ ಘಾಟಿಯಲ್ಲಿ ಮಳೆಗಾಲ ಓಡಿಸಿದವರು, ಕೈ ಚೆನ್ನಾಗಿದ್ದರೆ ಎಲ್ಲ ಗಾಡಿಯೂ ಚೆನ್ನಾಗಿರುತ್ತೆ’ ಅಂದರು.

ನಾನು ಹೋಳಿಗೆ ತಿನ್ನುತ್ತ ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದು ತಪ್ಪು. ಈ ಮೂರೂ ಉತ್ತರಗಳನ್ನು ನಾನು ಒಂದು ಕಾಲದಲ್ಲಿ ನಂಬಿದ್ದೆ, ಮೊದಲನೆಯದನ್ನು ನಂಬಿ ಒಬ್ಬಳ ಜೀವವನ್ನು ಪಣಕ್ಕಿಟ್ಟಿದ್ದೆ. ಆದ್ದರಿಂದ ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ.

ನಾನಿರುವುದು ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ. ಕಾಡಿನ ಮಣ್ಣಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ಮಣ್ಣು ಸಿಗುವುದು ಹಾರ್ಟ್ಸ್ ಬೆಟ್ಟಸಾಲಿನಲ್ಲಿ. 2018ರ ಬರದ ನಂತರ ತೊಗಟೆ ಹುಳುವಿಗೆ ಸಿಕ್ಕಿ ಬೆಟ್ಟಕ್ಕೆ ಬೆಟ್ಟವೇ ಸ್ಪ್ರೂಸ್ ಮರಗಳು ಒಣಗಿ ನಿಂತ ಜಾಗ ಅದು. ಅಲ್ಲಿಂದ ಚಳಿಗಾಲದಲ್ಲೂ ಮಾದರಿ ತರಬೇಕು. ಮೂರು ವರ್ಷದ ಹಿಂದೆ ಊರಿಗೆ ಹೊರಟಿದ್ದ ಹಿರಿಯ ಸಂಶೋಧಕರೊಬ್ಬರು ತಮ್ಮ 1999ರ ಮಾಜ್ದಾ ಎಂಎಕ್ಸ್-5 ಕಾರನ್ನು ಅಗ್ಗಕ್ಕೆ ಕೊಟ್ಟರು. ಎರಡೇ ಸೀಟು, ಬಟ್ಟೆಯ ಚಾವಣಿ, 1.6 ಲೀಟರ್ ಎಂಜಿನ್ನು, ತೂಕ ಸುಮಾರು 1000 ಕಿಲೋ. ಎಂಜಿನ್ನು ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಕಾಲಲ್ಲಿ ಒಳ್ಳೆಯ ಬೇಸಿಗೆ ಟೈರುಗಳಿದ್ದವು.

ನವೆಂಬರ್ ಬಂತು. ಕೈಯಲ್ಲಿ ಎರಡು ಟೈರಿಗಾಗುವಷ್ಟು ದುಡ್ಡಿತ್ತು, ಜೊತೆಗೆ ಎರಡು ಸಾಕು ಎನ್ನುವ ಸಲಹೆಯೂ ಸಿಕ್ಕಿತು. ಚಕ್ರಸಮೇತ ಸಿಕ್ಕ ಎರಡು ಸೆಕೆಂಡ್‌ಹ್ಯಾಂಡ್ ಚಳಿಗಾಲದ ಟೈರುಗಳನ್ನು ನಾನೇ ಜ್ಯಾಕ್ ಹಾಕಿ ಹಿಂದಕ್ಕೆ ಕೂರಿಸಿದೆ. ಮುಂದಿನ ವಾರ ಸಹಸಂಶೋಧಕಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಣ್ಣು ಕೊರೆಯುವ ಉಪಕರಣವನ್ನು ಡಿಕ್ಕಿಯಲ್ಲಿಟ್ಟು, ಬಿ27 ಹೆದ್ದಾರಿಯಲ್ಲಿ ಬ್ರೌನ್‌ಲಾಗೆ ಊರಿನ ಕಡೆ ಹೊರಟೆ. ಏರಿನಲ್ಲಿ ಕಾರು ಸೊಗಸಾಗಿ ಹತ್ತಿತು, ಹಿಂದಿನ ಚಕ್ರ ಒಂದು ಸಲವೂ ಜಾರಲಿಲ್ಲ. ಸಲಹೆ ಕೊಟ್ಟವರನ್ನು ಮನಸ್ಸಿನಲ್ಲೇ ಹೊಗಳಿದೆ.

ಸಂಜೆ ಇಳಿಯುವಾಗ ವೇಗ 40 ಕಿಲೋಮೀಟರ್ ಇದ್ದಿರಬೇಕು. ಬಲಕ್ಕೆ ತಿರುವು ಬಂತು. ನಾನು ಸ್ಟಿಯರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಮುಂದಿನ ಎರಡು ಚಕ್ರ ಬಲಕ್ಕೆ ಮುಖ ಮಾಡಿಕೊಂಡೇ ನೇರಕ್ಕೆ ಜಾರುತ್ತಿದ್ದವು. ಇಲ್ಲಿ ಬಲಬದಿಯ ಸಂಚಾರ, ಹಾಗಾಗಿ ನೇರಕ್ಕೆ ಹೋದರೆ ಎದುರಿನವರ ದಾರಿ. ಎದುರಿಂದ ಬಂದ ವ್ಯಾನಿನ ಚಾಲಕ ರಸ್ತೆಯಂಚಿಗೆ ಇಳಿಸಿ ನಿಲ್ಲಿಸಿದ್ದರಿಂದ ನಾವು ಉಳಿದೆವು. ನಮ್ಮ ಕಾರು ಎಡಬದಿಯ ಹಿಮದ ರಾಶಿಗೆ ಮೂಗು ತೂರಿಸಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಅವಳು ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ. ಮುಂದಿನ ವಾರ ರೈಲು, ಬಸ್ಸು ಬದಲಿಸುತ್ತ ಅಷ್ಟು ಭಾರದ ಉಪಕರಣವನ್ನು ಹೆಗಲಿಗೆ ಹಾಕಿಕೊಂಡು ಒಬ್ಬಳೇ ಹೋದಳು.

ಈಗ ಆ ಮೂರು ಉತ್ತರಗಳನ್ನು ಒಂದೊಂದಾಗಿ ನೋಡೋಣ.

‘ಹಿಂದೆ ಎರಡು ಸಾಕು’ ಎನ್ನುವವರು ಕಾರಿನ ಕೆಲಸ ಮುಂದೆ ಹೋಗುವುದು ಮಾತ್ರ ಎಂದುಕೊಂಡಿದ್ದಾರೆ. ಕಾರು ಹೊರಡಬೇಕು, ತಿರುಗಬೇಕು, ನಿಲ್ಲಬೇಕು. ಈ ಮೂರರಲ್ಲಿ ಹಿಂಚಕ್ರ ಚಾಲನೆಗೆ ಸಂಬಂಧಪಟ್ಟದ್ದು ಮೊದಲನೆಯದು ಮಾತ್ರ. ತಿರುಗಿಸುವುದು ಮುಂದಿನ ಚಕ್ರ. ಬ್ರೇಕು ಒತ್ತಿದಾಗ ತೂಕವೆಲ್ಲ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲೂ ಮುಂದಿನ ಚಕ್ರದ್ದೇ. ಹಿಂದೆ ಮಾತ್ರ ಒಳ್ಳೆಯ ಹಿಡಿತ ಕೊಟ್ಟರೆ ಗಾಡಿ ಧೈರ್ಯವಾಗಿ ಬೆಟ್ಟ ಹತ್ತುತ್ತದೆ, ಇಳಿಯಲು ಮಾತ್ರ ಅದಕ್ಕೆ ಬರುವುದಿಲ್ಲ. ಇದು ಏನೂ ಹಾಕದಿರುವುದಕ್ಕಿಂತ ಕೆಟ್ಟದ್ದು. ಏನೂ ಹಾಕದಿದ್ದರೆ ನಾನು ಮೊದಲ ಏರಿನಲ್ಲೇ ಚಕ್ರ ತಿರುಗಿಸುತ್ತ ನಿಂತು, ವಾಪಸ್ಸು ಮನೆಗೆ ಬರುತ್ತಿದ್ದೆ.

ಜರ್ಮನಿಯ ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟ. 2010ರ ಡಿಸೆಂಬರಿನಿಂದ ಇರುವ ನಿಯಮದಲ್ಲಿ ತಾರೀಖಿಲ್ಲ, ಪರಿಸ್ಥಿತಿ ಮಾತ್ರ ಇದೆ: ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ, ಜಾರುವ ಕೆಸರು ಇದ್ದರೆ ಕಾರಿನ ನಾಲ್ಕೂ ಚಕ್ರಗಳಲ್ಲಿ ತಕ್ಕ ಟೈರಿರಬೇಕು. ತಕ್ಕದ್ದು ಎಂದರೆ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು. ಬರಿಯ ಎಂ+ಎಸ್ ಅಕ್ಷರದ ಹಳೆಯ ಟೈರುಗಳಿಗಿದ್ದ ವಿನಾಯಿತಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ತಪ್ಪಿದರೆ 60 ಯೂರೊ ದಂಡ, ಅಪಘಾತವಾದರೆ 120, ಜೊತೆಗೆ ಚಾಲಕನ ದಾಖಲೆಯಲ್ಲಿ ಒಂದು ಅಂಕ. ದಂಡ ಸಣ್ಣದು, ಬೇಕಾದರೆ ಕಟ್ಟಬಹುದು. ಆದರೆ ಎರಡು ಟೈರಿನ ದುಡ್ಡು ಉಳಿಸುವವನು ಅದನ್ನು ಉಳಿಸುವುದು ಯಾರ ಲೆಕ್ಕದಲ್ಲಿ? ಪಕ್ಕದ ಸೀಟಿನವರ ಮತ್ತು ಎದುರಿನ ವ್ಯಾನಿನವನ ಲೆಕ್ಕದಲ್ಲಿ. ಅವರಿಬ್ಬರನ್ನೂ ಯಾರೂ ಕೇಳಿರುವುದಿಲ್ಲ.

ಎರಡನೆಯದು, ‘ಅಂಥ ಗಾಡಿ ಹಿಮದಲ್ಲಿ ಓಡಲ್ಲ’ ಎನ್ನುವುದು. ಇದರಲ್ಲಿ ಅರ್ಧ ನಿಜವಿದೆ, ಒಪ್ಪುತ್ತೇನೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್ನಿನ ಭಾರ ಎಳೆಯುವ ಚಕ್ರದ ಮೇಲೇ ಇರುತ್ತದೆ, ಹಾಗಾಗಿ ಜಾರುವ ನೆಲದಲ್ಲಿ ಅದು ಸುಲಭವಾಗಿ ಹೊರಡುತ್ತದೆ. ಹಿಂಚಕ್ರದ ಕಾರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಬಾಲ ಪಕ್ಕಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಥಟ್ಟನೆ ಗೇರು ಇಳಿಸಿದರೂ ಬರುತ್ತದೆ, ಯಾಕೆಂದರೆ ಎಂಜಿನ್ನು ಆಗ ಹಿಡಿದೆಳೆಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಇದೆಲ್ಲ ಸರಿ. ಆದರೆ ಇದೇ ದೇಶದಲ್ಲಿ ದಶಕಗಳ ಕಾಲ ಫೋಕ್ಸ್‌ವ್ಯಾಗನ್ ಬೀಟಲ್, ಮರ್ಸಿಡಿಸ್ ಟ್ಯಾಕ್ಸಿ, ಬಿಎಂಡಬ್ಲ್ಯು ಎಲ್ಲವೂ ಹಿಂಚಕ್ರದಿಂದಲೇ ಚಳಿಗಾಲ ದಾಟಿದವು. ನಮ್ಮ ಅಂಬಾಸಿಡರ್, ಮಾರುತಿ ಓಮ್ನಿ, ಆಟೋ, ಆಗುಂಬೆ ಹತ್ತುವ ಬಸ್ಸು ಕೂಡ ಹಿಂಚಕ್ರದವೇ. ನಮಗೆ ಅದು ವಿಚಿತ್ರ ಅನಿಸಿದ್ದೇ ಇಲ್ಲ.

ತೊಂದರೆ ಬರುವುದು ಸ್ಪೋರ್ಟ್ಸ್ ಕಾರಿನ ಕಾಲಿನಿಂದ. ಅಗಲವಾದ ಬೇಸಿಗೆ ಟೈರಿನ ರಬ್ಬರು ಬಿಸಿ ಡಾಂಬರಿಗೆ ಅಂಟಿಕೊಳ್ಳಲು ಮಾಡಿದ್ದು. ಚಳಿಗೆ ಅದು ಗಟ್ಟಿಯಾಗುತ್ತದೆ. ತೀರ ಕ್ರೀಡಾ ಬಗೆಯ ಟೈರುಗಳನ್ನು ಶೂನ್ಯದ ಹತ್ತಿರದ ಚಳಿಯಲ್ಲಿ ಉರುಳಿಸಿದರೆ ಬಿರುಕು ಬಿಡಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ. ಚಳಿಗಾಲದ ಟೈರಿನಲ್ಲಿ ಸಹಜ ರಬ್ಬರು, ಸಿಲಿಕಾ ಹದವಾಗಿ ಬೆರೆತು ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೈಮೇಲೆ ತೆಳುವಾದ ನೂರಾರು ಸೀಳುಗಳಿರುತ್ತವೆ. ಟೈರು ನೆಲ ಮುಟ್ಟಿದಾಗ ಅವು ಬಾಯಿ ತೆರೆದು ಅಂಚುಗಳಿಂದ ಹಿಮವನ್ನು ಕಚ್ಚುತ್ತವೆ, ಒಂದಷ್ಟು ಹಿಮವನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಹಿಮಕ್ಕೆ ಚೆನ್ನಾಗಿ ಹತ್ತಿಕೊಳ್ಳುವುದು ಹಿಮವೇ. ಮಕ್ಕಳು ಹಿಮದ ಉಂಡೆ ಕಟ್ಟುವುದನ್ನು ನೋಡಿದವರಿಗೆ ಇದು ಗೊತ್ತು. ಫಿನ್ಲೆಂಡಿನ ಕಂಪನಿ, ಈಗಿನ ನೋಕಿಯನ್ ಟೈರ್ಸ್, 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಕಾರುಗಳಿಗೆ ಚಳಿಗಾಲದ ಟೈರು ಮಾಡಿತು. ಆಗ ಹೆಚ್ಚಿನ ವಾಹನಗಳು ಹಿಂಚಕ್ರದವೇ. ಈ ಟೈರು ಹುಟ್ಟಿದ್ದೇ ಅಂಥ ಗಾಡಿಗಳಿಗಾಗಿ.

ಇದೇ ಗುಂಪಿನಲ್ಲಿ ನಾಲ್ಕು ಚಕ್ರ ಚಾಲನೆಯ ಭಕ್ತರೂ ಇದ್ದಾರೆ. ಅವರ ದೊಡ್ಡ ಗಾಡಿ ಬೇಗ ಹೊರಡುತ್ತದೆ, ನಿಜ. ನಿಲ್ಲುವಾಗ? ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇದೆ. ಬೇಸಿಗೆ ಟೈರಿನ ಎರಡು ಟನ್ ಗಾಡಿಗಿಂತ ಚಳಿಗಾಲದ ಟೈರಿನ ನನ್ನ ಪುಟ್ಟ ಕಾರು ಹಿಮದಲ್ಲಿ ಮೊದಲು ನಿಲ್ಲುತ್ತದೆ.

ಮೂರನೆಯದೇ ನನಗೆ ಹೆಚ್ಚು ಸಿಟ್ಟು ತರಿಸುವುದು. ಕೈಚಳಕದ ಕತೆ. ನಮ್ಮಲ್ಲಿ ಪ್ರತಿ ಮನೆಯಲ್ಲೂ ಒಬ್ಬ ಘಾಟಿ ವೀರನಿರುತ್ತಾನೆ. ಮಂಜಿನಲ್ಲಿ, ಮಳೆಯಲ್ಲಿ, ಬ್ರೇಕಿಲ್ಲದ ಜೀಪಿನಲ್ಲಿ ಅವನು ಎಲ್ಲರನ್ನೂ ಪಾರು ಮಾಡಿದ ಕತೆ ಮದುವೆ ಮನೆಗಳಲ್ಲಿ ಓಡುತ್ತಿರುತ್ತದೆ. ಬ್ರೇಕು ಯಾಕೆ ಸರಿಮಾಡಿಸಿರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ವಿದೇಶಕ್ಕೆ ಬಂದು ಪ್ರವಾಸ ಕಥನ ಬರೆಯುವ ನಾವೂ ಅದನ್ನೇ ಮಾಡುತ್ತೇವೆ. ಹತ್ತಿಯಂತೆ ಬೀಳುವ ಹಿಮಕ್ಕೆ ಎರಡು ಪುಟ, ಜಾರಿ ಬದುಕಿದ ಸಾಹಸಕ್ಕೆ ಒಂದು ಪುಟ. ಟೈರಿನ ವಿಷಯಕ್ಕೆ ಒಂದು ಸಾಲೂ ಇಲ್ಲ, ಯಾಕೆಂದರೆ ಟೈರು ಹಾಕಿಸಿದವನ ಬಳಿ ಹೇಳಲು ಸಾಹಸವಿರುವುದಿಲ್ಲ.

ಲೆಕ್ಕವಾದರೋ ಹೈಸ್ಕೂಲಿನದು. ಒಣ ಡಾಂಬರಿನಲ್ಲಿ ಘರ್ಷಣಾಂಕ ಸುಮಾರು 0.8, ಒತ್ತಿ ಗಟ್ಟಿಯಾದ ಹಿಮದಲ್ಲಿ ಸುಮಾರು 0.2. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕು ಹಾಕಿದರೆ ಮೊದಲನೆಯದರಲ್ಲಿ ಕಾರು ನಿಲ್ಲಲು ಸುಮಾರು 12 ಮೀಟರ್ ಬೇಕು, ಎರಡನೆಯದರಲ್ಲಿ ಸುಮಾರು 49. ಈ ಲೆಕ್ಕದೊಳಗೆ ಚಾಲಕನ ಕೈಗೆ ಜಾಗವಿಲ್ಲ. ಕಾರು ನೆಲಕ್ಕೆ ತಗುಲುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಆ ನಾಲ್ಕು ಅಂಗೈ ಎಷ್ಟು ಹಿಡಿತ ಕೊಡುತ್ತವೋ ಅಷ್ಟನ್ನು ಜಾಣತನದಿಂದ ಖರ್ಚು ಮಾಡುವುದೇ ಕೌಶಲ. ಇಲ್ಲದ ಹಿಡಿತವನ್ನು ಯಾವ ಕೌಶಲವೂ ಹುಟ್ಟಿಸುವುದಿಲ್ಲ. 2014ರ ನಂತರ ಯುರೋಪಿನ ಹೊಸ ಕಾರುಗಳಲ್ಲೆಲ್ಲ ಕಡ್ಡಾಯವಾದ ಸ್ಥಿರತಾ ನಿಯಂತ್ರಣ ಯಂತ್ರವೂ ಹುಟ್ಟಿಸುವುದಿಲ್ಲ.

ನನಗೆ ಎದುರಾಗಬಹುದಾದ ಒಂದು ನ್ಯಾಯವಾದ ಆಕ್ಷೇಪವಿದೆ. ಚಳಿಗಾಲಗಳು ಈಗ ಬೆಚ್ಚಗಾಗಿವೆ, ಗ್ಯೋಟಿಂಗೆನ್‌ನಲ್ಲಿ ಹಿಮ ನಿಲ್ಲುವುದೇ ಅಪರೂಪ, ನಾಲ್ಕು ದಿನಕ್ಕೆ ನಾಲ್ಕು ಟೈರು ಯಾಕೆ? ಏಳು ಡಿಗ್ರಿಗಿಂತ ಕೆಳಗೆ ಚಳಿಗಾಲದ ಟೈರೇ ಮೇಲು ಎನ್ನುವ ಜನಪ್ರಿಯ ಸೂತ್ರವೂ ಪ್ರಕೃತಿ ನಿಯಮವೇನಲ್ಲ; ಒಣಗಿದ ತಂಪು ರಸ್ತೆಯಲ್ಲಿ ಒಳ್ಳೆಯ ಬೇಸಿಗೆ ಟೈರು ಇನ್ನೂ ಚೆನ್ನಾಗಿಯೇ ನಿಲ್ಲಬಹುದು. ಒಪ್ಪಿದೆ. ಹಾಗಾದರೆ ಹಿಮ ಬಿದ್ದ ದಿನ ಕಾರು ತೆಗೆಯಬೇಡಿ, ಬಸ್ಸಿಗೆ ಹೋಗಿ. ಅದು ಪ್ರಾಮಾಣಿಕ ಉತ್ತರ, ಕಾನೂನಿಗೂ ಒಪ್ಪಿಗೆ. ನಾಲ್ಕು ಹಾಕಿ, ಇಲ್ಲವೇ ನಿಲ್ಲಿಸಿ. ನನ್ನ ಜಗಳವಿರುವುದು ನಡುವಿನ ‘ಎರಡು’ ಎಂಬ ಅಗ್ಗದ ರಾಜಿಯ ಜೊತೆ.

ಅದು ಅಂಥ ಅಗ್ಗವೂ ಅಲ್ಲ. ನನ್ನ ಕಾರಿನ ಬೇಸಿಗೆ ಟೈರಿನ ಅಳತೆ 195/50 ಆರ್ 15. ಕಾಗದಪತ್ರದಲ್ಲಿ ಅನುಮತಿಯಿದ್ದ ಇನ್ನೊಂದು ಅಳತೆ 185/60 ಆರ್ 14. ಎರಡರ ಹೊರವ್ಯಾಸದ ವ್ಯತ್ಯಾಸ 2 ಮಿಲಿಮೀಟರಿಗಿಂತ ಕಡಿಮೆ, ಆದರೆ ಎರಡನೆಯದು ಕಿರಿದು, ಅಗ್ಗ, ಹಿಮವನ್ನು ಕೊರೆದು ಕೆಳಗಿಳಿಯಲು ಮೇಲು. ಹಳೆಯ ಉಕ್ಕಿನ ಚಕ್ರಗಳ ಮೇಲೆ ನಾಲ್ಕು ಟೈರು 280 ಯೂರೊಗೆ ಸಿಕ್ಕಿದವು. ಅವು ಓಡುವ ತಿಂಗಳುಗಳಲ್ಲಿ ಬೇಸಿಗೆಯವು ಸವೆಯುವುದಿಲ್ಲ. ಹಳೆಯದನ್ನು ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 3421 ಎಂದರೆ 2021ರ 34ನೆಯ ವಾರದಲ್ಲಿ ಆದದ್ದು. ಕಾನೂನಿಗೆ 1.6 ಮಿಲಿಮೀಟರ್ ಆಳ ಸಾಕು, ಹಿಮಕ್ಕೆ ಸಾಲದು. ಇಲ್ಲಿನ ವಾಹನ ಸಂಘ ಎಡಿಎಸಿ ಹೇಳುವುದು 4. ತಿರುಗುವ ದಿಕ್ಕಿನ ಬಾಣ ನೋಡಿ ಕೂರಿಸಿ, 50 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಇದರಲ್ಲಿ ಸಾಹಸವೇನೂ ಇಲ್ಲ, ಒಂದು ಶನಿವಾರದ ಅರ್ಧ ದಿನ ಹೋಗುತ್ತದೆ.

ಆ ವರ್ಷ ಜನವರಿಯಲ್ಲಿ ನಾಲ್ಕೂ ಹಾಕಿಸಿದೆ. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ವಿಭಾಗದ ಮುಂದೆ ಕಾರು ನಿಲ್ಲಿಸಿದಾಗ ಅವಳು ಬಂದಳು. ಬಾಗಿಲು ತೆಗೆಯುವ ಮೊದಲು ಬಗ್ಗಿ ಮುಂದಿನ ಚಕ್ರ ನೋಡಿ, ‘ನಾಲ್ಕೂ?’ ಎಂದು ಕೇಳಿದಳು. ಹೌದು ಎಂದೆ. ಉಪಕರಣವನ್ನು ಡಿಕ್ಕಿಗೆ ಹಾಕಿ ಬಂದು ಕೂತಳು.

ಊಟದ ಮರುದಿನ ಆ ಹುಡುಗನಿಗೆ ಫೋನು ಮಾಡಿದೆ. ಅವನ ಬಳಿ ಎರಡಕ್ಕಾಗುವಷ್ಟೇ ದುಡ್ಡಿದೆಯಂತೆ. ಉಳಿದ ಎರಡಕ್ಕೆ ನಾನು ಸಾಲ ಕೊಡುತ್ತೇನೆ ಎಂದಿದ್ದೇನೆ. ಶನಿವಾರ ಜ್ಯಾಕ್ ಹಿಡಿದುಕೊಂಡು ಹೋಗುತ್ತೇನೆ. ‘ಎರಡು ಸಾಕು’ ಎಂದವರು ಬಿಡುವಿದ್ದರೆ ಬರಲಿ, ನಟ್ಟು ಬಿಗಿಯಲು ಇನ್ನೊಂದು ಕೈ ಬೇಕು.