ಕಡಲ ತಳದಲ್ಲಿ ನಮ್ಮ ಬರದ ಲೆಕ್ಕ

ಬೀದರ್‌ಗೆ ಸಮುದ್ರವಿಲ್ಲ. ಆದರೂ ನಮ್ಮ ಸೀಮೆಯ ಹಳೆಯ ಮಳೆ-ಬರಗಳ ಲೆಕ್ಕ ಸಮುದ್ರದ ತಳದಲ್ಲಿದೆ ಎಂದರೆ ನಂಬುವಿರಾ?

ಜೋಳದ ದಂಟನ್ನು ಬೆರಳಿನಿಂದ ಸವರಿ ನೋಡಿ. ಬಿಳಿ ಪುಡಿ ಅಂಟುತ್ತದೆ. ಅದು ಮೇಣ. ಒಳಗಿನ ನೀರು ಆರಿಹೋಗದಂತೆ ಗಿಡಮರಗಳ ಎಲೆಗಳಿಗೆ ಮೇಣದ ತೆಳು ಹೊದಿಕೆ ಇರುತ್ತದೆ. ಎಲೆ ಕೊಳೆತರೂ ಈ ಮೇಣದ ಅಣುಗಳು ಬೇಗ ಕೊಳೆಯುವುದಿಲ್ಲ. ಮಳೆಗಾಲದಲ್ಲಿ ಭಾಲ್ಕಿ, ಔರಾದ್ ಹೊಲಗಳ ಮಣ್ಣಿನೊಡನೆ ಹರಿದು ಮಾಂಜ್ರಾ ನದಿ ಸೇರುತ್ತವೆ. ಮಾಂಜ್ರಾ ಗೋದಾವರಿಯನ್ನು, ಗೋದಾವರಿ ಬಂಗಾಳ ಕೊಲ್ಲಿಯನ್ನು ಕೂಡುತ್ತದೆ. ಅಲ್ಲಿ ಹೂಳು ಪದರ ಪದರವಾಗಿ ಕೂರುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು.

2006ರಲ್ಲಿ ಭಾರತದ ಗ್ಯಾಸ್ ಹೈಡ್ರೇಟ್ ಶೋಧ ಯಾತ್ರೆಯ ಹಡಗು ಗೋದಾವರಿ ಮುಖದಾಚೆ, ಸಾವಿರ ಮೀಟರಿಗೂ ಹೆಚ್ಚು ಆಳದಿಂದ ಇಂಥ ಹೂಳನ್ನು ಕೊಳವೆಯಲ್ಲಿ ಮೇಲೆತ್ತಿತು. ಅದರೊಳಗಿನ ಮೇಣವನ್ನು ಪರೀಕ್ಷಿಸಿದ ವಿಜ್ಞಾನಿಗಳ ವರದಿ 2012ರಲ್ಲಿ ಪ್ರಕಟವಾಯಿತು.

ವಿದ್ಯಾರ್ಥಿಗಳೇ, ಪಾಠದಲ್ಲಿ ಓದುವ ಸಮಸ್ಥಾನಿಗಳು ಕೆಲಸಕ್ಕೆ ಬರುವುದು ಇಲ್ಲಿಯೇ. ಇಂಗಾಲ-12 ಹಗುರ, ಇಂಗಾಲ-13 ತುಸು ಭಾರ. ಬೇವು, ತೊಗರಿ, ಭತ್ತ ಮುಂತಾದವು ಭಾರದ ಇಂಗಾಲವನ್ನು ಹೆಚ್ಚಾಗಿ ದೂರವಿಡುತ್ತವೆ. ಜೋಳವೂ ಒಣನೆಲದ ಅನೇಕ ಹುಲ್ಲುಗಳೂ ಅಷ್ಟೊಂದು ದೂರವಿಡುವುದಿಲ್ಲ. ಹೀಗಾಗಿ ಮೇಣದಲ್ಲಿ ಎರಡರ ಪ್ರಮಾಣ ಅಳೆದರೆ, ಆ ಕಾಲದ ನೆಲದ ಮೇಲೆ ಯಾವ ಬಗೆಯ ಸಸ್ಯ ಹೆಚ್ಚಿತ್ತೆಂದು ತಿಳಿಯುತ್ತದೆ.

ಗೋದಾವರಿ ಸೀಮೆಯಲ್ಲಿ ಸುಮಾರು 4,000 ವರ್ಷಗಳ ಹಿಂದಿನಿಂದ ಒಣನೆಲದ ಸಸ್ಯಗಳು ಹೆಚ್ಚುತ್ತ ಬಂದವು. 1,700 ವರ್ಷಗಳ ಹಿಂದೆ ಮತ್ತಷ್ಟು ಹೆಚ್ಚಿದವು. ಆದರೆ ಮೇಣವೊಂದೇ ಸಾಕ್ಷಿಯಾದರೆ ಸಾಲದು. ನೀರು ಕುಡಿಯುವ ಕಬ್ಬೂ ಜೋಳದ ಗುಂಪಿನದೇ! ಅದಕ್ಕಾಗಿ ಅದೇ ಹೂಳಿನಲ್ಲಿದ್ದ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನೂ ಪರೀಕ್ಷಿಸಿದರು. ನದಿಗಳು ಬಡವಾದಾಗ ಕೊಲ್ಲಿಯ ಉಪ್ಪು ಏರುತ್ತದೆ. ಕಳೆದ 3,000 ವರ್ಷಗಳಲ್ಲಿ ಹಾಗೆ ಉಪ್ಪೇರಿದ ಕಾಲಗಳು ಹಲವು ಬಾರಿ ಬಂದಿದ್ದವೆಂದು ಚಿಪ್ಪುಗಳೂ ಹೇಳಿದವು. ಎರಡು ಸಾಕ್ಷಿಗಳ ಮಾತು ಕೂಡಿತು.

ಇದರಿಂದ ನಮಗೇನು ಎಂದು ಪೋಷಕರು ಕೇಳಬಹುದು. 2016ರಲ್ಲಿ ಮೇಲ್ಭಾಗದ ಮಾಂಜ್ರಾ ಜಲಾಶಯ ಬತ್ತಿ, ಲಾತೂರಿಗೆ ರೈಲಿನಲ್ಲಿ ನೀರು ಬಂತು. ಅಂಥ ವರ್ಷವನ್ನು ನಾವು ಅಪರೂಪವೆಂದು ಬೇಗ ಮರೆಯುತ್ತೇವೆ. ನಮ್ಮ ಮಳೆಮಾಪಕದ ನೆನಪು ಚಿಕ್ಕದು. ಹೂಳಿನ ನೆನಪು ದೊಡ್ಡದು. ಒಣಗಾಲ ಈ ನೆಲಕ್ಕೆ ಹೊಸ ಅತಿಥಿಯಲ್ಲ, ಮತ್ತೆ ಮತ್ತೆ ಬರುವ ನೆಂಟ ಎಂದು ಅದು ಹೇಳುತ್ತಿದೆ. ಬಾವಿ ತೋಡುವಾಗ, ಬೆಳೆ ಆರಿಸುವಾಗ, ಬದು ಕಟ್ಟುವಾಗ ಈ ಮಾತು ನೆನಪಿರಲಿ.