ನಿಲ್ಲಬಾರದ ಗಣಕಯಂತ್ರಕ್ಕೆ ದುರಸ್ತಿ ಯಾವಾಗ?

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಗೆ ರೈಲು ಇಲ್ಲ. ಅಲ್ಲಿನ ವಿದ್ಯಾರ್ಥಿಗೆ ಬೆಂಗಳೂರಿನಲ್ಲಿ ಪ್ರವೇಶ ಪರೀಕ್ಷೆಯೋ ಸಂದರ್ಶನವೋ ಇದ್ದರೆ ಬಸ್ಸಿನಲ್ಲಿ ಧಾರವಾಡಕ್ಕೆ ಬಂದು, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಂಥ ರಾತ್ರಿ ರೈಲು ಹತ್ತಬೇಕು. 2021ರ ನವೆಂಬರ್ ನಡುವಿನ ಒಂದು ವಾರದಲ್ಲಿ ಅಂಥ ವಿದ್ಯಾರ್ಥಿಯೊಬ್ಬ ಓದು ಮುಗಿಸಿ, ಮಧ್ಯರಾತ್ರಿ ಮೊಬೈಲಿನಲ್ಲಿ ಟಿಕೆಟ್ ಕಾಯ್ದಿರಿಸಲು ಕುಳಿತಿದ್ದರೆ ಕೆಲಸ ಆಗುತ್ತಿರಲಿಲ್ಲ. ಬೆಳಗಿನ ಐದೂವರೆಯವರೆಗೂ ಆಗುತ್ತಿರಲಿಲ್ಲ. 'ಸರ್ವರ್ ಕೆಟ್ಟಿದೆ' ಎಂದು ಮನೆಯವರು ಅಂದುಕೊಳ್ಳುವುದು ಸಹಜ. ಆದರೆ ಕೆಟ್ಟದ್ದು ಏನೂ ಇರಲಿಲ್ಲ.

ನವೆಂಬರ್ 14-15ರ ರಾತ್ರಿಯಿಂದ 20-21ರ ರಾತ್ರಿಯವರೆಗೆ, ಏಳು ರಾತ್ರಿ, 11.30ರಿಂದ 5.30ರವರೆಗೆ ಕಾಯ್ದಿರಿಸುವ ವ್ಯವಸ್ಥೆಯನ್ನು ಮುಚ್ಚುವುದಾಗಿ ರೈಲ್ವೆ ಇಲಾಖೆ ಮೊದಲೇ ಪ್ರಕಟಿಸಿತ್ತು. (ಇಂಥ ಪ್ರಕಟಣೆಗಳನ್ನು ಓದುವವರು ಎಷ್ಟು ಜನ ಎಂಬುದು ಬೇರೆ ಮಾತು.) ಕೋವಿಡ್ ಕಾಲದಲ್ಲಿ ರೈಲುಗಳೆಲ್ಲ 'ವಿಶೇಷ' ರೈಲುಗಳಾಗಿ, ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಹೊತ್ತು ಓಡುತ್ತಿದ್ದವು. ಬೆಂಗಳೂರಿಗೆ ಹೋಗುವ ರಾಣಿ ಚೆನ್ನಮ್ಮನ 16590 ಎಂಬ ಸಂಖ್ಯೆ 06590 ಆಗಿತ್ತು. ಈಗ ಹಳೆಯ ಸಂಖ್ಯೆಗಳಿಗೆ ಮರಳಬೇಕಾಗಿತ್ತು. ಆಗ 120 ದಿನ ಮುಂಚಿತವಾಗಿ ಟಿಕೆಟ್ ಕೊಳ್ಳಬಹುದಾಗಿದ್ದುದರಿಂದ, ಲಕ್ಷಾಂತರ ಜನರ ಕೈಯಲ್ಲಿ ಸೊನ್ನೆಯ ಟಿಕೆಟ್ಟುಗಳಿದ್ದವು. ಆ ಹುಡುಗನ ಹೆಸರು ಒಂದು ಸಂಖ್ಯೆಯ ಪಟ್ಟಿಯಿಂದ ಇನ್ನೊಂದಕ್ಕೆ, ಬೋಗಿ, ಬರ್ತು ತಪ್ಪದೆ ದಾಟಬೇಕು. ದಾಟದಿದ್ದರೆ ಧಾರವಾಡದ ಪ್ಲಾಟ್‌ಫಾರ್ಮಿನಲ್ಲಿ ಅವನ ಪರೀಕ್ಷೆ ಮುಗಿದಂತೆಯೇ.

ಭಾರತೀಯ ರೈಲ್ವೆಯಲ್ಲಿ ಗಣಕಯಂತ್ರದ ಮೂಲಕ ಸ್ಥಳ ಕಾಯ್ದಿರಿಸುವುದು 1986ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. 1999ರಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ಮತ್ತು ಸಿಕಂದರಾಬಾದ್ ಕೇಂದ್ರಗಳು ಒಂದಕ್ಕೊಂದು ಜೋಡಣೆಯಾದವು. 2025ರ ಜೂನ್‌ನಲ್ಲಿ ರೈಲ್ವೆ ಸಚಿವಾಲಯ ಕೊಟ್ಟ ಲೆಕ್ಕದಂತೆ ಆಗಿನ ವ್ಯವಸ್ಥೆ ನಿಮಿಷಕ್ಕೆ 32,000 ಟಿಕೆಟ್ ಕೊಡಬಲ್ಲದಾಗಿತ್ತು. ಇಷ್ಟು ಭಾರವನ್ನು ಒಂದೇ ಯಂತ್ರದ ಮೇಲೆ ಹೊರಿಸುವುದು ಅವಿವೇಕ. ಹಾಗಾಗಿ ಹಲವು ಯಂತ್ರಗಳು ಒಂದೇ ಯಂತ್ರದಂತೆ ವರ್ತಿಸುವ ಹಾಗೆ ಹೆಣೆಯುತ್ತಾರೆ. ಇದಕ್ಕೆ ಕ್ಲಸ್ಟರ್, ಅಂದರೆ ಗೊಂಚಲು, ಎಂದು ಹೆಸರು. ಒಂದು ಬಿದ್ದರೆ ಉಳಿದವು ಹೊರುತ್ತವೆ.

ಹಾಗಿದ್ದರೆ ಈ ಗೊಂಚಲಿನ ತಂತ್ರಾಂಶವನ್ನೋ, ಯಂತ್ರವನ್ನು ನಡೆಸುವ ಕಾರ್ಯಾಚರಣಾ ವ್ಯವಸ್ಥೆಯನ್ನೋ ಬದಲಿಸುವುದು ಹೇಗೆ? ಊರ ಜಾತ್ರೆಯ ದಾಸೋಹವನ್ನು ನೆನೆಸಿಕೊಳ್ಳಿ. ಸಾಲಾಗಿ ನಾಲ್ಕು ಒಲೆಗಳಿವೆ, ಪಂಕ್ತಿ ನಿಲ್ಲುವಂತಿಲ್ಲ. ಮೂರು ಒಲೆಗಳಲ್ಲಿ ಅಡುಗೆ ಸಾಗುವುದಾದರೆ ನಾಲ್ಕನೆಯದನ್ನು ಆರಿಸಿ, ಮಣ್ಣು ಮೆತ್ತಿ, ಒಣಗಿಸಿ, ಮತ್ತೆ ಉರಿ ಹಾಕಬಹುದು. ಅದು ಸರಿಯಾಗಿ ಉರಿಯುತ್ತದೆ ಎಂದು ಖಾತ್ರಿಯಾದ ಮೇಲೆ ಮುಂದಿನದು. ಗೊಂಚಲಿನಲ್ಲಿಯೂ ಸರದಿಯಂತೆ ಒಂದೊಂದೇ ಯಂತ್ರವನ್ನು ಹೊರತೆಗೆದು, ಹೊಸ ತಂತ್ರಾಂಶ ಹಾಕಿ, ಒಳಸೇರಿಸುತ್ತಾರೆ. ನಾಲ್ಕೂ ಒಲೆ ಬೇಕಾದಷ್ಟು ಜನ ಸೇರಿದ ಹೊತ್ತಿನಲ್ಲಿ ಈ ಕೆಲಸ ಸಲ್ಲದು. ತತ್ಕಾಲ್ ಟಿಕೆಟ್ಟಿನ ನೂಕುನುಗ್ಗಲು ಬೆಳಗಿನ ಹತ್ತು-ಹನ್ನೊಂದಕ್ಕೆ. ಆದ್ದರಿಂದಲೇ ದುರಸ್ತಿಗೆ ನಡುರಾತ್ರಿ.

ಭಾರತೀಯ ರೈಲ್ವೆಯ ಈ ವ್ಯವಸ್ಥೆ ಬಹುಕಾಲ ನಡೆದದ್ದು ಓಪನ್‌ವಿಎಂಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ. ಅದನ್ನು ರೂಪಿಸಿದ ಡಿಜಿಟಲ್ ಕಂಪನಿ 1983ರಲ್ಲಿಯೇ ಗೊಂಚಲಿನ ಸೌಲಭ್ಯವನ್ನು ಪ್ರಕಟಿಸಿತ್ತು. ಆಮ್‌ಸ್ಟರ್‌ಡ್ಯಾಮ್ ಪೊಲೀಸರ ಅಂಥದೇ ಗೊಂಚಲು ಹತ್ತು ವರ್ಷ ಒಮ್ಮೆಯೂ ನಿಲ್ಲದೆ ನಡೆಯಿತೆಂದು 2007ರಲ್ಲಿ ಸುದ್ದಿಯಾಯಿತು. ಬಿಡಿ ಯಂತ್ರಗಳು ಆ ಅವಧಿಯಲ್ಲಿ ಬದಲಾಗುತ್ತಲೇ ಇದ್ದವು. ನಿಲ್ಲದ್ದು ಇಡಿಯ ಗೊಂಚಲು ಮಾತ್ರ.

ಸರದಿಯ ವಿಧಾನದಲ್ಲಿ ಒಂದು ಅಪಾಯವಿದೆ, ಅದನ್ನು ಬರ್ತಿನ ಉದಾಹರಣೆಯಿಂದ ತಿಳಿಯುವುದು ಸುಲಭ. ಎರಡೇ ಯಂತ್ರಗಳ ಗೊಂಚಲು ಇದೆ, ಅವುಗಳ ನಡುವಿನ ತಂತಿ ಕಡಿಯಿತು ಎಂದಿಟ್ಟುಕೊಳ್ಳಿ. ಎರಡೂ ಬದುಕಿವೆ, ಆದರೆ 'ಅದು ಸತ್ತಿದೆ, ಇನ್ನು ಎಲ್ಲವೂ ನನ್ನ ಹೊಣೆ' ಎಂದು ಪ್ರತಿಯೊಂದೂ ತಿಳಿಯುತ್ತದೆ. ಒಂದು ಯಂತ್ರ 32ನೆಯ ಬರ್ತನ್ನು ಉಪ್ಪಿನಬೆಟಗೇರಿಯ ಹುಡುಗನಿಗೆ ಕೊಡುತ್ತದೆ. ಇನ್ನೊಂದು ಅದೇ ಬರ್ತನ್ನು ಬೆಳಗಾವಿಯ ಅಜ್ಜಿಗೆ ಕೊಡುತ್ತದೆ. ಇದನ್ನು ತಡೆಯಲು ಯಂತ್ರಗಳಿಗೆ ಮತದಾನದ ಹಕ್ಕು ಕೊಟ್ಟಿರುತ್ತಾರೆ. ಮೂರು ಮತಗಳಲ್ಲಿ ಎರಡು ಯಾವ ಕಡೆಗಿವೆಯೋ ಆ ಕಡೆ ಮಾತ್ರ ಟಿಕೆಟ್ ಮಾರಬಹುದು, ಒಂಟಿಯಾದದ್ದು ಸುಮ್ಮನಿರಬೇಕು. ದುರಸ್ತಿಗೆಂದು ಮೂರರಲ್ಲಿ ಒಂದನ್ನು ಹೊರತೆಗೆದಾಗ ಉಳಿಯುವುದು ಎರಡೇ ಮತ. ಆ ಹೊತ್ತಿನಲ್ಲಿ ಇನ್ನೊಂದೂ ಕೈಕೊಟ್ಟರೆ ಮೂರನೆಯದು ಗಟ್ಟಿಮುಟ್ಟಾಗಿದ್ದರೂ ಬಾಯಿ ಮುಚ್ಚಿಕೊಳ್ಳುತ್ತದೆ. ಯೋಜನೆ ಹಾಕುವವರು ಮೊದಲು ಎಣಿಸಬೇಕಾದದ್ದು ಈ ಮತಗಳನ್ನು.

ಇನ್ನೊಂದು ತೊಡಕು, ಅರ್ಧ ಹೊಸತು ಅರ್ಧ ಹಳೆಯದಾಗಿರುವ ನಡುಗಾಲದ್ದು. ಹೊಸ ತಂತ್ರಾಂಶ ಬರೆದಿಟ್ಟ ಮಾಹಿತಿಯನ್ನು ಹಳೆಯದು ಓದಲಾರದಿದ್ದರೆ ಸರದಿಯ ವಿಧಾನ ನಡೆಯದು. 2021ರ ರೈಲು ಸಂಖ್ಯೆಗಳ ಗಂಟು ಇದೇ ಬಗೆಯದು. ಅಲ್ಲಿ ಬದಲಾಗಬೇಕಾದದ್ದು ಯಂತ್ರಗಳಲ್ಲ, ಎಲ್ಲವೂ ಹಂಚಿಕೊಂಡ ಮಾಹಿತಿ. ಒಂದೇ ರೈಲಿಗೆ ಒಂದೇ ಕ್ಷಣದಲ್ಲಿ ಎರಡು ಸಂಖ್ಯೆ ಇದ್ದರೆ ಬರ್ತುಗಳ ಲೆಕ್ಕ ತಪ್ಪುತ್ತದೆ. ಬಾಗಿಲು ಮುಚ್ಚಿ, ಕೆಲಸವನ್ನು ಏಳು ರಾತ್ರಿಗಳಿಗೆ ಹಂಚಿ, ಆ ಗಂಟೆಗಳಲ್ಲಿ ಹೊರಡುವ ರೈಲುಗಳ ಪ್ರಯಾಣಿಕರ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಲು ಸೂಚಿಸಿದ್ದು ಜಾಣತನ. ಸದಾ ತೆರೆದಿರುತ್ತೇವೆ ಎಂಬ ಹೆಮ್ಮೆಗಿಂತ ಹೇಳಿ ಮುಚ್ಚುವುದು ಎಷ್ಟೋ ಮೇಲು.

ಹಾಗೆ ಹಂಚದವರ ಕಥೆಯೂ ಇದೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಸುಮಾರು 52 ಲಕ್ಷ ಗ್ರಾಹಕರ ಮಾಹಿತಿಯನ್ನು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿತು. ಸೋಮವಾರ ಜನರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. ಪೂರ್ತಿ ಸರಿಹೋಗಲು ಡಿಸೆಂಬರ್ ಆಯಿತು; 2022ರಲ್ಲಿ ನಿಯಂತ್ರಕರು 4.86 ಕೋಟಿ ಪೌಂಡ್ ದಂಡ ಹಾಕಿದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ಕಡತವೊಂದು ಏಕಕಾಲಕ್ಕೆ ಎಲ್ಲೆಡೆ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ಕೆಡವಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಮೊದಲು ನೂರು ಯಂತ್ರಗಳಿಗೆ ಮಾತ್ರ ಕಳುಹಿಸಿ ಒಂದು ಗಂಟೆ ಕಾದಿದ್ದರೂ ಸಾಕಾಗುತ್ತಿತ್ತು.

ಒಳ್ಳೆಯ ಯೋಜನೆಯಲ್ಲಿ ಮುಂದೆ ಹೋಗುವ ದಾರಿಯಷ್ಟೇ ವಿವರವಾಗಿ ಹಿಂದಿರುಗುವ ದಾರಿಯನ್ನೂ ಬರೆದಿರುತ್ತಾರೆ. ಕೆಲಸ 5.30ಕ್ಕೆ ಮುಗಿಯಬೇಕು, ಹಳೆಯ ಸ್ಥಿತಿಗೆ ಮರಳಲು ಎರಡು ಗಂಟೆ ಬೇಕು ಎಂದಾದರೆ, 3.30ಕ್ಕೆ ಗಡಿಯಾರ ನೋಡಿ ನಿರ್ಧರಿಸಬೇಕು. 'ಇನ್ನು ಹತ್ತೇ ನಿಮಿಷ, ಆಗಿಬಿಡುತ್ತದೆ' ಎಂಬ ಆಸೆಗೆ ಅಲ್ಲಿ ಅವಕಾಶವಿಲ್ಲ. ಆ ಎರಡು ಗಂಟೆಯ ಅಂದಾಜೂ ಊಹೆಯದಾಗಿರಬಾರದು. ಬೇರೆ ಯಂತ್ರಗಳಲ್ಲಿ ಒಮ್ಮೆ ತಾಲೀಮು ನಡೆಸಿ ಅಳೆದದ್ದಾಗಿರಬೇಕು.

ತಾಲೀಮು ಮನೆಯಲ್ಲಿಯೂ ಸಾಧ್ಯ. ಎಂಟು ಜಿಬಿ ಸ್ಮೃತಿಯ ಸಾಧಾರಣ ಗಣಕವೊಂದರಲ್ಲಿ ಮೂರು ಪುಟ್ಟ ಕಾಲ್ಪನಿಕ ಯಂತ್ರಗಳನ್ನು ಸೃಷ್ಟಿಸಿ, ಲಿನಕ್ಸ್ ಹಾಗೂ ಉಚಿತವಾಗಿ ಸಿಗುವ ಪೇಸ್‌ಮೇಕರ್, ಕೋರೋಸಿಂಕ್ ತಂತ್ರಾಂಶಗಳಿಂದ ಗೊಂಚಲು ಕಟ್ಟಬಹುದು. ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಓದುವ ಮಕ್ಕಳು ರಜೆಯಲ್ಲಿ ಪ್ರಯತ್ನಿಸಿದರೆ ಪೋಷಕರು ವಿದ್ಯುತ್ ಖರ್ಚಿನ ಮಾತು ತೆಗೆಯದಿರುವುದು ಒಳ್ಳೆಯದು. ಒಂದು ಯಂತ್ರವನ್ನು ಆರಿಸಿದರೆ ಉಳಿದೆರಡು ಕೆಲಸ ಮುಂದುವರಿಸುತ್ತವೆ. ಎರಡನೆಯದನ್ನೂ ಇದ್ದಕ್ಕಿದ್ದಂತೆ ಆರಿಸಿದರೆ ಮೂರನೆಯದು ತನ್ನ ಪಾಲಿನ ಒಂದೇ ಮತವನ್ನು ಎಣಿಸಿ, ಸೇವೆಯನ್ನು ತಾನಾಗಿಯೇ ನಿಲ್ಲಿಸಿಬಿಡುತ್ತದೆ.