"ಯಾರಾದರೂ ಇದ್ದೀರಾ?" ಸಾಲದು, ಪ್ರಶ್ನೆ ಕೇಳಿಬಿಡಿ



ಡಾಕ್ಟರ ಎದುರು ಕೂತು "ಹುಷಾರಿಲ್ಲ" ಎಂದಷ್ಟೇ ಹೇಳಿದರೂ ನಡೆಯುತ್ತದೆ. ಎಲ್ಲಿ ನೋವು, ಎಂದಿನಿಂದ, ಯಾವ ಮಾತ್ರೆ ನುಂಗಿದಿರಿ ಎಂದು ಅವರೇ ಕೇಳುತ್ತಾರೆ. ಆದರೆ ಕಂಪ್ಯೂಟರ್ ತೊಂದರೆ ಕೊಟ್ಟಾಗ ನಾವು ಸಹಾಯ ಕೇಳುವ ಚಾಟ್ ರೂಮಿನಲ್ಲಿ ಯಾರೂ ಎದುರಿಗಿರುವುದಿಲ್ಲ.

ಈ ಚಾಟ್ ರೂಮುಗಳು ಹೊಸವಲ್ಲ. 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬವರು 'ಐಆರ್‌ಸಿ' ಎಂಬ ಹರಟೆ ವ್ಯವಸ್ಥೆ ರೂಪಿಸಿದರು. ಕಂಪ್ಯೂಟರ್ ಬಲ್ಲವರು ಅಲ್ಲಿ ಸೇರಿ ಒಬ್ಬರಿಗೊಬ್ಬರು ನೆರವಾದರು. ಇಂಥ ಕಡೆ ಉತ್ತರಿಸುವವರಲ್ಲಿ ಹೆಚ್ಚಿನವರು ಸಂಬಳಕ್ಕಲ್ಲ, ಪ್ರೀತಿಗಾಗಿ ಬಂದವರು. ಅಲ್ಲಿ ಬೆಳೆದುಬಂದ ಒಂದು ರೂಢಿ ಇದೆ: "ಒಂದು ಪ್ರಶ್ನೆ ಕೇಳಲೇ ಎಂದು ಕೇಳಬೇಡಿ, ಪ್ರಶ್ನೆಯನ್ನೇ ಕೇಳಿ."

ಕಾರಣವಿದೆ. ನಮಗೆ ರಾತ್ರಿ 8 ಗಂಟೆಯಾದಾಗ ಕ್ಯಾಲಿಫೋರ್ನಿಯಾದಲ್ಲಿ ಅದೇ ದಿನದ ಬೆಳಗು. ಉತ್ತರ ಬಲ್ಲವರು ನಾವು ಮಲಗಿದ ಮೇಲೆ ಬರಬಹುದು. "ಯಾರಾದರೂ ಇದ್ದೀರಾ?" ಎಂದು ಬರೆದಿದ್ದರೆ ಅವರು ಏನೆಂದು ಉತ್ತರಿಸಿಯಾರು? ಪೂರ್ತಿ ಪ್ರಶ್ನೆ ಇದ್ದರೆ ಬೆಳಗಾಗುವಷ್ಟರಲ್ಲಿ ಉತ್ತರ ಕಾದಿರುತ್ತದೆ.

ಒಂದು ಉದಾಹರಣೆ ನೋಡಿ. ಅಜ್ಜ ತಮ್ಮ ಊರಿನ ನೆನಪುಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದಾರೆ ಎನ್ನೋಣ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ! "ಫೈಲು ಹಾಳಾಗಿದೆ, ಅರ್ಜೆಂಟ್!" ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ಹೀಗೆ ಬರೆಯಬಹುದು:

"ನುಡಿಯಲ್ಲಿ ಟೈಪ್ ಮಾಡಿದ ಹಳೆಯ ವರ್ಡ್ ಫೈಲು. ಹೊಸ ಲ್ಯಾಪ್‌ಟಾಪಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಕಾಣುತ್ತಿದೆ. ಮೊದಲ ಸಾಲನ್ನು ಕೆಳಗೆ ಹಾಕಿದ್ದೇನೆ. ತುಂಗಾ ಫಾಂಟಿಗೆ ಬದಲಿಸಿ ನೋಡಿದೆ, ಸರಿಹೋಗಲಿಲ್ಲ. ಕನ್ನಡದಲ್ಲಿ ಓದುವುದು ಹೇಗೆ?"

ಏನು ಬೇಕು, ಏನು ಕಾಣುತ್ತಿದೆ, ಏನು ಮಾಡಿ ನೋಡಿದೆ: ಮೂರೂ ಇದರಲ್ಲಿವೆ. ಬಲ್ಲವರು ಕೂಡಲೇ ಹೇಳುತ್ತಾರೆ: "ಫೈಲು ಹಾಳಾಗಿಲ್ಲ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಆ ಫಾಂಟ್ ಹಾಕಿಕೊಳ್ಳಿ, ಇಲ್ಲವೇ ಯುನಿಕೋಡಿಗೆ ಪರಿವರ್ತಿಸಿ." ಹಾಳಾಯಿತೆಂದು ಅಳಿಸಿಬಿಟ್ಟಿದ್ದರೆ? ಅಜ್ಜನ ನೆನಪುಗಳೂ ಅದರೊಂದಿಗೇ ಹೋಗುತ್ತಿದ್ದವು.

ಪರದೆಯ ಮೇಲೆ ದೋಷದ ಸಂದೇಶ ಬಂದರೆ ಅದನ್ನು ಇದ್ದ ಹಾಗೇ ಬರೆಯಿರಿ. ಉತ್ತರ ತಡವಾದರೆ ಅದೇ ಪ್ರಶ್ನೆಯನ್ನು ಹತ್ತು ಸಲ ಹಾಕಬೇಡಿ. ಸರಿಹೋದ ಮೇಲೆ "ಹೀಗೆ ಮಾಡಿದೆ, ಸರಿಯಾಯಿತು, ಧನ್ಯವಾದ" ಎಂದು ತಿಳಿಸಿ. ನಾಳೆ ಅದೇ ತೊಂದರೆಯಲ್ಲಿ ಬರುವವರಿಗೆ ಅದೇ ದಾರಿದೀಪ.

ಒಂದು ಎಚ್ಚರಿಕೆ. ಪಾಸ್‌ವರ್ಡ್, ಒಟಿಪಿ, ಫೋನ್ ನಂಬರ್, ಮನೆ ವಿಳಾಸ ಎಂದೂ ಬರೆಯಬೇಡಿ. ಸ್ಕ್ರೀನ್‌ಶಾಟ್ ಹಾಕುವ ಮೊದಲು ಅವು ಅದರಲ್ಲಿ ಇವೆಯೇ ನೋಡಿ. "ಈ ಆಪ್ ಹಾಕಿಕೊಳ್ಳಿ, ನಾನೇ ಸರಿಮಾಡುತ್ತೇನೆ" ಎನ್ನುವ ಅಪರಿಚಿತರಿಂದ ದೂರವಿರಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಕ್ಕಳೇ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿ.

ಈ ವಾರದ ಕೆಲಸ: ಅಜ್ಜಿಯ ಫೋನಿನ ಒಂದು ತೊಂದರೆಯನ್ನು ಅಜ್ಜಿ ಹೇಳಲಿ, ಮೊಮ್ಮಕ್ಕಳು ಐದು ಸಾಲಿನಲ್ಲಿ ಬರೆಯಲಿ. ಬರೆಯುವಾಗಲೇ ಉತ್ತರ ಹೊಳೆದರೆ ಆಶ್ಚರ್ಯಪಡಬೇಡಿ!